ಗೌರಮ್ಮನ ಒಳ್ಳೆಯದಕ್ಕೇ

ಮಡಿಕೇರಿಯ ರಾಜರ ಗದ್ದುಗೆಯನ್ನು ನೋಡಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಕೊಡಗಿನ ಕೊನೆಯ ದೊರೆ ಚಿಕ್ಕವೀರರಾಜೇಂದ್ರ ಮಾತ್ರ ಅಲ್ಲಿಲ್ಲ. 1834ರಲ್ಲಿ ಕಂಪನಿ ಸರ್ಕಾರ ಅವನನ್ನು ಪಟ್ಟದಿಂದ ಇಳಿಸಿ ಕಾಶಿಗೆ ಕಳಿಸಿತು. ಮಾಸ್ತಿಯವರ ಕಾದಂಬರಿಯಿಂದಾಗಿ ಅವನ ಕಥೆ ನಮಗೆ ಗೊತ್ತು. ಅವನ ಮಗಳು ಗೌರಮ್ಮನ ಕಥೆಯನ್ನು ನಾನು ಸರಿಯಾಗಿ ಓದಿದ್ದು ಹೋದ ತಿಂಗಳು, ಘಾಟ್ಕೋಪರಿನ ನಮ್ಮ ಮನೆಯಲ್ಲಿ, ನಿದ್ದೆ ಬಾರದ ಒಂದು ರಾತ್ರಿ.

1841ರಲ್ಲಿ ಕಾಶಿಯಲ್ಲಿ ಹುಟ್ಟಿದ ಹುಡುಗಿ. ಕೊಡಗನ್ನು ಅವಳು ಕಂಡೇ ಇರಲಿಲ್ಲ. 1852ರಲ್ಲಿ ಅಪ್ಪ ಅವಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದ. ಮಗಳು ಕ್ರೈಸ್ತಳಾಗಿ, ಇಂಗ್ಲಿಷ್ ವಿದ್ಯೆ ಕಲಿತು ಬೆಳೆಯಲಿ ಎಂಬುದು ಅವನು ಹೇಳಿದ ಕಾರಣ. ಕಂಪನಿಯಿಂದ ತನಗೆ ಬರಬೇಕಾದ ಹಣಕ್ಕಾಗಿ ದಾವೆ ಹೂಡುವ ಉದ್ದೇಶವೂ ಅವನಿಗಿತ್ತು. ಅದೇ ವರ್ಷ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಅವಳಿಗೆ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೂ ಕೊಟ್ಟಳು. ವಿಂಟರ್‌ಹಾಲ್ಟರ್ ಎಂಬ ಆಸ್ಥಾನ ಚಿತ್ರಕಾರ ಅವಳನ್ನು ನಮ್ಮ ಕಡೆಯ ಉಡುಗೆ ತೊಡುಗೆಯಲ್ಲಿ, ಕೈಯಲ್ಲಿ ಬೈಬಲ್ ಇಟ್ಟು ಬರೆದ. ಆಗ ಅವಳಿಗೆ ಹನ್ನೊಂದು ವರ್ಷ.

ನನ್ನ ಮಗಳಿಗೂ ಹನ್ನೊಂದು. ನಿದ್ದೆ ಬಾರದಿದ್ದಕ್ಕೆ ಕಾರಣ, ಆಫೀಸಿನಲ್ಲಿ ಇಂಗ್ಲೆಂಡಿನ ರೀಡಿಂಗ್ ಊರಿಗೆ ಮೂರು ವರ್ಷ ಹೋಗುತ್ತೀರಾ ಎಂದು ಕೇಳಿದ್ದರು. ಧಾರವಾಡಕ್ಕೆ ಫೋನ್ ಮಾಡಿ ಅವ್ವನಿಗೆ, ಇಲ್ಲಿ ಹೆಂಡತಿಗೆ, ಮೆಟ್ರೋದಲ್ಲಿ ಸಿಕ್ಕ ಗೆಳೆಯನಿಗೆ, ಎಲ್ಲರಿಗೂ ಒಂದೇ ಮಾತು ಹೇಳಿದ್ದೆ: ಮಗಳ ಭವಿಷ್ಯಕ್ಕೆ ಒಳ್ಳೆಯದು. ಆ ರಾತ್ರಿ ಲ್ಯಾಪ್‌ಟಾಪಿನ ಹುಡುಕಾಟದ ಪಟ್ಟಿ ನೋಡಿದರೆ ತೆರಿಗೆ ಲೆಕ್ಕ, ಬಾಡಿಗೆ, ಮೂರು ವರ್ಷದ ಉಳಿತಾಯ, ಇಷ್ಟೇ. ಒಂದು ಶಾಲೆಯ ಹೆಸರೂ ಇಲ್ಲ. ಎರಡು ವರ್ಷದಿಂದ ಬಾರದ ಬಡ್ತಿಯ ಸಿಟ್ಟು ಮಾತ್ರ ಆ ಪಟ್ಟಿಯ ಹಿಂದೆ ಚೆನ್ನಾಗಿ ಕಾಣುತ್ತಿತ್ತು.

ವೀರರಾಜ ಮಗಳನ್ನು ಪ್ರೀತಿಸಲಿಲ್ಲ ಎಂದು ಹೇಳಲು ನನಗೆ ಧೈರ್ಯವಿಲ್ಲ. ರಾಣಿಯ ಅಕ್ಕರೆಯೂ ಸುಳ್ಳಾಗಿರಲಿಲ್ಲ. ಆದರೆ ಇಬ್ಬರಿಗೂ ಅವಳಿಂದ ಆಗಬೇಕಾದ ಕೆಲಸವೊಂದಿತ್ತು. ಅಪ್ಪನಿಗೆ ಅರಮನೆಯ ಬಾಗಿಲು ತೆರೆಯಬೇಕಿತ್ತು. ರಾಣಿಗೆ ಭಾರತದ ರಾಜಮನೆತನದಿಂದ ಬಂದ ಒಂದು ಮಾದರಿ ಕ್ರೈಸ್ತ ಕುಟುಂಬ ಬೇಕಿತ್ತು. ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗನಿಗೆ ಅವಳನ್ನು ಮದುವೆ ಮಾಡಿಸುವ ಪ್ರಯತ್ನ ನಡೆಯಿತು, ಅವನು ಒಪ್ಪಲಿಲ್ಲ. ಅವಳು ಅಪ್ಪನ ಜೊತೆ ಬೆಳೆಯಲೂ ಇಲ್ಲ, ಇಂಗ್ಲಿಷ್ ಪೋಷಕರ ಕೈಗೆ ಹೋದಳು. 1859ರಲ್ಲಿ ಅಪ್ಪ ಲಂಡನ್ನಿನಲ್ಲೇ ತೀರಿಕೊಂಡ. ಮರುವರ್ಷ ಜಾನ್ ಕ್ಯಾಂಪ್‌ಬೆಲ್ ಎಂಬ, ತನಗಿಂತ ಬಹಳ ದೊಡ್ಡ ವಯಸ್ಸಿನ ಸೇನಾಧಿಕಾರಿಯೊಡನೆ ಅವಳ ಮದುವೆಯಾಯಿತು. 1861ರಲ್ಲಿ ಮಗಳು ಈಡಿತ್ ಹುಟ್ಟಿದಳು. 1864ರಲ್ಲಿ ಗೌರಮ್ಮ ಸತ್ತಳು. ಇಪ್ಪತ್ತೆರಡು ವರ್ಷ. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಸಮಾಧಿ ಇದೆ.

ಮನುಷ್ಯರನ್ನು ಕೇವಲ ಸಾಧನವಾಗಿ ಬಳಸಬಾರದು ಎಂದು ಕಾಂಟ್ ಹೇಳಿದ. ಆ 'ಕೇವಲ' ಎಂಬ ಪದವನ್ನು ನಾವು ಓದುವಾಗ ನುಂಗಿಬಿಡುತ್ತೇವೆ. ಮಕ್ಕಳಿಂದ ನಮಗೇನೂ ಬೇಡ ಎನ್ನುವ ತಂದೆತಾಯಿಯನ್ನು ನಾನು ಕಂಡಿಲ್ಲ, ಮುಂಬೈಗೆ ಬಂದು ನೆಲೆಸಿದ ನಮ್ಮವರಲ್ಲಂತೂ ಇಲ್ಲವೇ ಇಲ್ಲ. ಮಗಳನ್ನು ನೆಪ ಮಾಡಿಕೊಂಡು ನಾನು ರೀಡಿಂಗಿಗೆ ಹೋದರೆ ಅವಳಿಗೆ ಲಾಭವೂ ಆಗಬಹುದು. ಹಾಗಾದರೆ ತಪ್ಪೆಲ್ಲಿ ಎಂದು ನನ್ನೊಳಗಿನ ಮ್ಯಾನೇಜರ್ ಕೇಳಿದ. (ಎರಡು ಕಡೆಗೂ ಲಾಭ ಎಂಬ ಸ್ಲೈಡನ್ನು ನೂರಾರು ಸಲ ತೋರಿಸಿದವನು.)

'ನಿನಗೋಸ್ಕರ' ಎನ್ನುವ ಮಾತು ಸಾಲದ ಪತ್ರದಂತೆ ಕೆಲಸ ಮಾಡುತ್ತದೆ. ಬಡ್ತಿ ನನ್ನದು, ಉಳಿತಾಯ ನನ್ನದು, ಋಣ ಮಾತ್ರ ಅವಳದು. ಅಲ್ಲಿ ಅವಳಿಗೆ ಬೇಜಾರಾದರೆ ಅದು ಬೇಜಾರೆನಿಸಿಕೊಳ್ಳುವುದಿಲ್ಲ, ಕೃತಘ್ನತೆ ಎನಿಸಿಕೊಳ್ಳುತ್ತದೆ. ರಾಣಿಯೇ ಕೈಹಿಡಿದ ಹುಡುಗಿ 'ನನಗಿದು ಇಷ್ಟವಿಲ್ಲ' ಎಂದು ಯಾರ ಮುಂದೆ ಹೇಳಬೇಕಿತ್ತು? ಕ್ರೌರ್ಯದ ವಿರುದ್ಧವಾದರೆ ದೂರು ಕೊಡಬಹುದು. ಉಪಕಾರದ ವಿರುದ್ಧ ದೂರು ಕೊಡುವ ಜಾಗ ಇಲ್ಲ. ವೀರರಾಜ ಹಡಗಿನಲ್ಲಿ ಒಂದು ದಿನ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ನನ್ನದೊಂದು ವ್ಯಾಜ್ಯ ಇದೆ, ನಿನ್ನಿಂದ ಸಹಾಯ ಆಗಬಹುದು ಎಂದು ಹೇಳಿದ್ದರೆ? ಅವಳ ಆಯಸ್ಸೇನೂ ಹೆಚ್ಚುತ್ತಿರಲಿಲ್ಲ. ಸಾಲಗಾರಳು ಮಾತ್ರ ಅವಳಾಗುತ್ತಿರಲಿಲ್ಲ.

ಭಾನುವಾರ ಸಂಜೆ ಮಗಳ ಜೊತೆ ಬಾಲ್ಕನಿಯಲ್ಲಿ ಕೂತೆ. "ಅಪ್ಪನಿಗೆ ಅಲ್ಲಿಗೆ ಹೋಗೋ ಆಸೆ ಇದೆ. ಇಲ್ಲಿ ಕೆಲಸದಲ್ಲಿ ಬೇಜಾರಾಗಿದೆ. ನಿನಗೆ ಒಳ್ಳೇದಾಗತ್ತೋ ಇಲ್ವೋ ನಾನಿನ್ನೂ ನೋಡಿಲ್ಲ" ಅಂದೆ. ಹೇಳುವಾಗ ನಾಚಿಕೆಯಾಯಿತು. ಅವಳು ಸ್ವಲ್ಪ ಹೊತ್ತು ಕಬ್ಬಿಣದ ಸರಳು ಎಣಿಸುತ್ತಿದ್ದಳು.

"ವಾಪಸ್ ಬರೋವಾಗ ನಂಗೆ ಹದಿನಾಲ್ಕಾಗಿರತ್ತೆ ಅಲ್ವಾ?"

"ಹೌದು."

"ಸಾನ್ವಿ ಆಗ ಬೇರೆಯವರ ಬೆಸ್ಟ್ ಫ್ರೆಂಡ್ ಆಗಿರ್ತಾಳೆ" ಅಂದಳು. ನಾನು ಇಲ್ಲ ಅನ್ನಲಿಲ್ಲ. ಶುಕ್ರವಾರದೊಳಗೆ ಆಫೀಸಿಗೆ ಉತ್ತರ ಕೊಡಬೇಕು.