ವೃದ್ಧಾಪ್ಯದಲ್ಲಿ ಬುದ್ಧಿಯನ್ನು ಕಾಯುವ ವಿಷಯ

ಓದತಕ್ಕ ವೇದಭಾಗ: 2 ಸಮುವೇಲ 19:31–39



ದಾವೀದ ಅರಸನು ಬರ್ಜಿಲ್ಲೈಯನ್ನು ಯೆರೂಸಲೇಮಿಗೆ ಕರೆದಾಗ ಆ ಮುದುಕನಿಗೆ 80 ವರುಷ. ತನಗೆ ಊಟದ ರುಚಿ ತಿಳಿಯದೆಂದೂ ಹಾಡುವವರ ಸ್ವರ ಕೇಳಿಸದೆಂದೂ ಅವನು ಅರಿಕೆಮಾಡಿದನು. ಆದರೆ ಅವನ ಬುದ್ಧಿಯು ಕೆಟ್ಟಿತ್ತೋ? ಇಲ್ಲ. ತನ್ನ ಬದಲಾಗಿ ಕಿಮ್ಹಾಮನನ್ನು ಕರೆದುಕೊಂಡು ಹೋಗಬೇಕೆಂದು ವಿವೇಕದಿಂದ ಬೇಡಿಕೊಂಡನು. ಕಿವಿ ಮಂದವಾಗುವದು ಬೇರೆ, ಬುದ್ಧಿ ಮಂದವಾಗುವದು ಬೇರೆ.

ನಾವಾದರೋ ಎರಡನ್ನೂ ಒಂದೇ ಎಂದೆಣಿಸಿ, ‘ಅರವತ್ತಕ್ಕೆ ಅರಳು ಮರಳು’ ಎಂದು ಸುಮ್ಮನಾಗುತ್ತೇವೆ. ಸಿರುಗುಪ್ಪದ ಕಡೆಯ ಒಂದು ಹಳ್ಳಿಯಲ್ಲಿ ಸಭೆಯ ಹಿರಿಯರೊಬ್ಬರು ಕೇಳಿದ ಮಾತಿಗೆ ಬೇರೆಯೇ ಉತ್ತರ ಕೊಡುತ್ತಿದ್ದರು. ಬರಬರುತ್ತಾ ಪ್ರಾರ್ಥನೆಗೆ ಬರುವದನ್ನೂ ಬಿಟ್ಟರು. ಅಜ್ಜನಿಗೆ ಅರಳು ಮರಳಾಯಿತೆಂದು ಮನೆಯವರು ತಿಳಿದರು; ನಾನೂ ಹಾಗೆಯೇ ತಿಳಿದೆನು. ಬಳ್ಳಾರಿಗೆ ಕರೆದೊಯ್ದು ತೋರಿಸಿದಾಗ ಕೆಟ್ಟದ್ದು ಕಿವಿ ಮಾತ್ರವೆಂದು ಗೊತ್ತಾಯಿತು. ಕಿವಿಗೆ ಯಂತ್ರವನ್ನು ಇಟ್ಟ ಮೇಲೆ ಅವರು ತಿರಿಗಿ ಎಲ್ಲರೊಡನೆ ಮಾತಾಡಿದರು. ಆದರೆ ಅವರು ಒಂಟಿಯಾಗಿ ಕಳೆದ ಎರಡು ವರುಷಗಳಿಗೆ ನಾನು ಏನು ಲೆಕ್ಕ ಕೊಡಲಿ?

ಈ ಒಂಟಿತನವು ಸಣ್ಣ ಸಂಗತಿಯಲ್ಲ. ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯ ಆಯೋಗದವರು 2024ರಲ್ಲಿ, ಡಿಮೆನ್ಷಿಯಾ ಎಂಬ ಮರೆವಿನ ರೋಗಕ್ಕೆ ದಾರಿಮಾಡುವ 14 ಸಂಗತಿಗಳನ್ನು ಹೇಳಿ, ಇವೆಲ್ಲವನ್ನೂ ಸರಿಪಡಿಸಿದರೆ ಲೋಕದಲ್ಲಿ ಈ ರೋಗದ 100ರಲ್ಲಿ ಸುಮಾರು 45 ಪಾಲನ್ನು ತಡೆಯಬಹುದು, ಇಲ್ಲವೆ ಮುಂದೂಡಬಹುದು ಎಂದು ತಿಳಿಸಿದರು. ಕಿವಿ ಕಣ್ಣುಗಳ ಮಂದತ್ವ, ರಕ್ತದ ಒತ್ತಡ, ಸಕ್ಕರೆ ರೋಗ, ಬೀಡಿ ಸಿಗರೇಟು, ಅತಿಯಾದ ಕುಡಿತ, ಮೈಗೆ ಕೆಲಸವಿಲ್ಲದಿರುವದು, ಮನಗುಂದುವದು, ಜನರ ಸಹವಾಸ ತಪ್ಪುವದು ಇವು ಅವುಗಳಲ್ಲಿ ಸೇರಿವೆ. ಕಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಗದ್ದೆಗೆ ತುಂಗಭದ್ರೆಯ ನೀರು ಮುಟ್ಟುವದಿಲ್ಲವೆಂದು ಸಿರುಗುಪ್ಪ ಕುರುಗೋಡುಗಳ ರೈತರು ಬಲ್ಲರು. ಒತ್ತಡವೂ ಸಕ್ಕರೆಯೂ ಮಿದುಳಿನ ಸಣ್ಣ ರಕ್ತನಾಳಗಳನ್ನು ಹಾಗೆಯೇ ಕೆಡಿಸುತ್ತವೆ.

ಈ ಕೇಡು ಮುಪ್ಪಿನಲ್ಲಿ ಹುಟ್ಟುವದಲ್ಲ. ಬಹು ವರುಷ ಮುಂಚೆಯೇ ಬೇರೂರುತ್ತದೆ. ಆದಕಾರಣ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 2018ರಲ್ಲಿ ಆರಂಭಿಸಿದ ಅಧ್ಯಯನಕ್ಕೆ ಮುದುಕರನ್ನು ಮಾತ್ರವಲ್ಲ, 45 ವರುಷದವರನ್ನೂ ಸೇರಿಸಿಕೊಂಡರು. ನಲವತ್ತು ದಾಟುತ್ತಿರುವ ನನ್ನಂಥವರು ಇಂದೇ ಎಚ್ಚರಗೊಳ್ಳತಕ್ಕದ್ದು.

ಆದರೂ ಜಾಗ್ರತೆಯಿಂದ ಬಾಳಿದವರಿಗೂ ಈ ರೋಗವು ಬರುವದುಂಟು. ಅದನ್ನು ಪಾಪದ ಫಲವೆನ್ನಬೇಡಿರಿ, ದೆವ್ವದ ಕಾಟವೆಂದು ಮಂತ್ರಗಾರರ ಬಳಿಗೆ ಓಡಬೇಡಿರಿ. ಅವರು ನಮ್ಮ ಹೆಸರನ್ನು ಮರೆತರೂ ದೇವರು ಅವರ ಹೆಸರನ್ನು ಮರೆಯನು, ನಾವೂ ಮರೆಯಬಾರದು.

ಬರುವ ಭಾನುವಾರದೊಳಗೆ, ಸಭೆಗೆ ಬಾರದೆ ನಿಂತುಹೋದ ಹಿರಿಯರ ಮನೆಗೆ ಹೋಗಿರಿ. ಎದುರಿಗೆ ಕೂತು ನಿಧಾನವಾಗಿ ಮಾತಾಡಿರಿ. ಸರಕಾರಿ ಆಸ್ಪತ್ರೆಗೆ ಕರೆದೊಯ್ದು ಕಿವಿ, ಕಣ್ಣು, ಒತ್ತಡ, ಸಕ್ಕರೆಗಳನ್ನು ನೋಡಿಸಿರಿ. ಬಿಸಿಲು ತಗ್ಗಿದ ಮೇಲೆ ಅವರ ಸಂಗಡ ನಾಲ್ಕು ಹೆಜ್ಜೆ ನಡೆಯಿರಿ. ವೃದ್ಧರನ್ನು ಗೌರವಿಸಬೇಕೆಂಬ ಆಜ್ಞೆಯನ್ನು ನಡಿಸುವದು ಹೀಗೆಯೇ. ಅದಕ್ಕೆ ಬೇಕಾದ ತಾಳ್ಮೆಯನ್ನು ಕರ್ತನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೆನ್.