ಅದರಾಗೇನೈತಿ?

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಯಾರಾದರೂ ಹೊಸ ಯುಕ್ತಿಯೊಂದನ್ನು ಮಾಡಿ ತೋರಿಸಿದರೆ ಸಾಕು, ನೋಡಿದವರ ಬಾಯಿಂದ ಬರುವ ಮೊದಲ ಮಾತು 'ಅದರಾಗೇನೈತಿ?' ಶಾಲೆಯಲ್ಲೂ ಅಷ್ಟೇ. ಲೆಕ್ಕ ಬಿಡಿಸುವ ತನಕ ತಲೆ ಕೆರೆದುಕೊಳ್ಳುವ ಹುಡುಗಿಯರು, ಉತ್ತರ ಬಂದ ಕೂಡಲೇ 'ಇಷ್ಟ ಏನ್ರಿ ಅಕ್ಕಾರ' ಎನ್ನುತ್ತಾರೆ.

ತಿಳಿದ ಮೇಲೆ ಎಲ್ಲವೂ ಸುಲಭ. ತಿಳಿಯುವ ಮೊದಲು ಅದು ಎಷ್ಟು ಸುಲಭವಿತ್ತು? ಪೇಟೆಂಟ್ ವ್ಯಾಜ್ಯಗಳಲ್ಲಿ ನ್ಯಾಯಾಧೀಶರನ್ನು ಕಾಡುವ ಪ್ರಶ್ನೆಯೂ ಇದೇ.

ಹೊಲದಲ್ಲಿ ಎಂಜಿನ್ನಿಗೆ ಪಂಪು ಜೋಡಿಸಿದ್ದನ್ನು ನೀವು ನೋಡಿರಬಹುದು. ಎಂಥ ಜಾಣ ಮಿಸ್ತ್ರಿ ಕೂಡಿಸಿದರೂ ಎರಡು ಶಾಫ್ಟುಗಳ ನಡುವೆ ಕೂದಲೆಳೆಯಷ್ಟು ಓರೆ ಉಳಿದೇ ಉಳಿಯುತ್ತದೆ. ಬಿಗಿಯಾಗಿ ಬೆಸೆದರೆ ಬೇರಿಂಗು ಸವೆಯುತ್ತದೆ. ಅದಕ್ಕೇ ನಡುವೆ ಕಪ್ಲಿಂಗು: ಎರಡು ಕಬ್ಬಿಣದ ಬಿಲ್ಲೆ, ಅವುಗಳ ಹಲ್ಲುಗಳ ಮಧ್ಯೆ ರಬ್ಬರು. ಓರೆಯನ್ನೂ ನಡುಕವನ್ನೂ ರಬ್ಬರು ತಾನೇ ನುಂಗಿಕೊಳ್ಳುತ್ತದೆ. ಬಿಗಿ ಸ್ವಭಾವದ ಇಬ್ಬರ ನಡುವೆ ಮನೆಯ ಹೆಣ್ಣು ಮಾಡುವ ಕೆಲಸವೂ ಅದೇ ಅನ್ನಿ. ಕಬ್ಬಿಣ ಹಳೆಯದು, ರಬ್ಬರು ಹಳೆಯದು. ಆ ರಬ್ಬರಿನ ಆಕಾರ ಬದಲಿಸಿದವನು 'ಇದು ನನ್ನದು, ಇಪ್ಪತ್ತು ವರ್ಷ ಬೇರೆಯವರು ಮಾಡಬಾರದು' ಎಂದರೆ ಒಪ್ಪಬೇಕೇ?

ನಮ್ಮ ದೇಶದಲ್ಲಿ ಇಂಥ ಪ್ರಶ್ನೆ ಎದ್ದದ್ದು ಅಡಿಗೆಮನೆಯ ಪಾತ್ರೆಗಳ ವಿಷಯದಲ್ಲಿ. ಪಾತ್ರೆಯನ್ನು ಲೇಥಿಗೆ ಹಚ್ಚಿ ಹೆರೆದು ಹೊಳಪು ಕೊಡುವಾಗ ಅದು ಕಿತ್ತು ಹಾರುತ್ತಿತ್ತು, ಕೆಲಸಗಾರರಿಗೆ ಅಪಾಯ. ಎದುರು ತುದಿಯಿಂದಲೂ ಒತ್ತಿ ಹಿಡಿಯುವ ಏರ್ಪಾಟಿಗೆ ಮಿರ್ಜಾಪುರದ ಹಿಂದುಸ್ತಾನ್ ಮೆಟಲ್ ಇಂಡಸ್ಟ್ರೀಸ್ 1951ರ ಪೇಟೆಂಟ್ ಪಡೆದಿತ್ತು. ಅದೇ ಊರಿನ ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಸಂಸ್ಥೆಯೂ ಅದನ್ನು ಬಳಸುತ್ತಿದೆಯೆಂದು ದಾವೆ ಹೂಡಿತು. ಅಲಹಾಬಾದ್ ಹೈಕೋರ್ಟಿನಲ್ಲಿ ಒಬ್ಬ ನ್ಯಾಯಮೂರ್ತಿ ಪೇಟೆಂಟನ್ನು ರದ್ದು ಮಾಡಿದರು. ಮೇಲ್ಮನವಿಯಲ್ಲಿ ಅದು ಮತ್ತೆ ಜೀವ ಪಡೆಯಿತು. ಕೊನೆಗೆ 1978ರಲ್ಲಿ ಸುಪ್ರೀಂ ಕೋರ್ಟು, ಇದು ಕಸುಬು ಬಲ್ಲವನು ಕಾರ್ಖಾನೆಯಲ್ಲೇ ಮಾಡಬಹುದಾದ ಸುಧಾರಣೆ, ಶೋಧವಲ್ಲ ಎಂದು ರದ್ದುಪಡಿಸಿತು. ಕಲಿತ ನ್ಯಾಯಮೂರ್ತಿಗಳಲ್ಲೇ 'ಅದರಾಗೇನೈತಿ' ಎಂಬುದರ ಬಗ್ಗೆ ಒಮ್ಮತವಿರಲಿಲ್ಲ!

ಕಾನೂನು ಇಲ್ಲಿ ಒಂದು ಅಳತೆಗೋಲು ಇಟ್ಟಿದೆ. ಇಂದು ಉತ್ತರ ನೋಡಿದ ನಮಗೆ ಅದು ಸುಲಭವೆನಿಸುತ್ತದೆಯೇ ಎಂದು ಕೇಳಬಾರದು. ಅಂದು, ಉತ್ತರ ಕಾಣದಿದ್ದ ಹೊತ್ತಿನಲ್ಲಿ, ಆ ಕಸುಬು ಬಲ್ಲವನಿಗೆ ಅದು ತಾನಾಗಿ ಹೊಳೆಯುತ್ತಿತ್ತೇ ಎಂದು ಕೇಳಬೇಕು. ನನಗೆ ಇದು ಕೋರ್ಟಿಗಿಂತ ಹೆಚ್ಚಾಗಿ ಮನೆಗೆ ಬೇಕಾದ ಧರ್ಮವೆನಿಸುತ್ತದೆ.

ಸೊಸೆ ಕಡಿಮೆ ಉರುವಲಿನಲ್ಲಿ ಅಡಿಗೆ ಮುಗಿಸುವ ದಾರಿ ಕಂಡುಕೊಂಡರೆ, ನೇಕಾರರ ಮನೆಯ ಹೆಣ್ಣುಮಗಳು ನೂಲು ಸಿಕ್ಕಾಗದಂತೆ ಸುತ್ತುವ ಉಪಾಯ ಮಾಡಿದರೆ, ನಾವು ಹೇಳುವುದೇನು? 'ಇದು ಯಾರಿಗೆ ಗೊತ್ತಿಲ್ಲ?' ಗೊತ್ತಿದ್ದರೆ ನಿನ್ನೆ ಯಾಕೆ ಮಾಡಲಿಲ್ಲ? ಹೆಂಗಸರ ಬುದ್ಧಿಗೆ ಇಂಥ ತೀರ್ಪು ಬಹಳ ಬೇಗ ಸಿಗುತ್ತದೆ, ಮೇಲ್ಮನವಿಯೂ ಇಲ್ಲ.

ಆದರೆ ಇನ್ನೊಂದು ಮಗ್ಗುಲೂ ಇದೆ. ನೂರಾರು ಕೈಗಳು ದಿನಾ ಮಾಡುತ್ತ ತಿದ್ದುತ್ತ ಬಂದ ಜಾಣತನಕ್ಕೆ ಒಬ್ಬರು ಬೇಲಿ ಹಾಕಿದರೆ, ಉಳಿದವರ ಹೊಟ್ಟೆಯ ಮೇಲೆ ಹೊಡೆದಂತೆ. ಆಗ 'ಅದರಾಗೇನೈತಿ, ಇದು ಎಲ್ಲರದು' ಎಂದು ಗಟ್ಟಿಯಾಗಿಯೇ ಹೇಳಬೇಕು.

ಹಾಗಾಗಿ ಮಾತು ತಪ್ಪಲ್ಲ. ಅದನ್ನು ಆಡುವ ಮೊದಲು ಉತ್ತರವನ್ನು ಕ್ಷಣಕಾಲ ಮರೆತು, ಪ್ರಶ್ನೆಯ ಎದುರು ನಿಲ್ಲಬೇಕು. ಹೊಳೆಯಿತೋ, ಅದು ಎಲ್ಲರದು. ಹೊಳೆಯಲಿಲ್ಲವೋ, ಕಂಡುಕೊಂಡವಳಿಗೆ ಒಂದು ಶಾಭಾಸು ಹೇಳುವುದಕ್ಕೆ ನಮ್ಮ ಗಂಟೇನೂ ಹೋಗುವುದಿಲ್ಲ.