ಉಮ್ಮನ ದನಿ, ನಮ್ಮ ದುಆ



ಕಳೆದ ರಮಝಾನ್‌ನಲ್ಲಿ ಒಂದು ರಾತ್ರಿ ತರಾವೀಹ್ ಮುಗಿದ ಮೇಲೆ ಒಬ್ಬ ಸಹೋದರ ಮಸೀದಿಯಲ್ಲೇ ಉಳಿದ. ದಕ್ಷಿಣ ಕನ್ನಡದವನು, ಇಲ್ಲಿ ಎ.ಸಿ. ರಿಪೇರಿ ಕೆಲಸ. ಅದರ ಹಿಂದಿನ ವರ್ಷ ಊರಿನಲ್ಲಿ ಅವನ ಉಮ್ಮ ತೀರಿಕೊಂಡಿದ್ದರು. ರಜೆ ಸಿಕ್ಕಿರಲಿಲ್ಲ. ಮಯ್ಯಿತ್‌ಗೆ ಹೆಗಲು ಕೊಡಲಾಗಲಿಲ್ಲ, ಕಬರಿಗೆ ಮೂರು ಹಿಡಿ ಮಣ್ಣು ಹಾಕಲಾಗಲಿಲ್ಲ. ಉಳಿದದ್ದು ಮೊಬೈಲ್‌ನಲ್ಲಿದ್ದ ಅವರ ಕೊನೆಯ ವಾಯ್ಸ್ ಮೆಸೇಜ್: "ಇಫ್ತಾರ್ ಆಯಿತಾ ಮೋನೇ? ಏನು ತಿಂದೆ?"

ಆದರೆ ಆ ದಿನ ಅವನು ನನಗೆ ಕೇಳಿಸಿದ್ದು ಅದನ್ನಲ್ಲ. ಸತ್ತವರ ದನಿಯನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಬಹುದೆಂದು ಯಾರೋ ಹೇಳಿದ್ದರಂತೆ. ರಾತ್ರಿ ಖಾಲಿ ರೂಮಿನಲ್ಲಿ ರೆಕಾರ್ಡರ್ ಆನ್ ಮಾಡಿ, "ಉಮ್ಮಾ, ನನ್ನ ಮೇಲೆ ಬೇಸರವಾ?" ಎಂದು ಕೇಳಿದ್ದಾನೆ. ಆಮೇಲೆ ಹಾಕಿ ಕೇಳಿದರೆ ಗುಂಯ್ ಎನ್ನುವ ಸದ್ದಿನ ನಡುವೆ ಯಾರೋ "ಮೋನೇ" ಎಂದಂತೆ. "ಉಸ್ತಾದ್, ಇದು ಉಮ್ಮನ ದನಿ ಅಲ್ವಾ?" ಎಂದ. ಅವನ ಕಣ್ಣು ತುಂಬಿತ್ತು.

ಸಹೋದರರೇ, ಇದು ಅವನೊಬ್ಬನ ಆಸೆಯಲ್ಲ. ಗ್ರಾಮಫೋನಿನ ಮೂಲ ಯಂತ್ರವನ್ನು ಕಂಡುಹಿಡಿದ ಥಾಮಸ್ ಎಡಿಸನ್, ಅಗಲಿದವರು ನಮ್ಮೊಡನೆ ಸಂಪರ್ಕಿಸಲು ಒಂದು ಯಂತ್ರ ಮಾಡುತ್ತಿದ್ದೇನೆ ಎಂದು 1920ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದರು. 1931ರಲ್ಲಿ ಅವರೇ ತೀರಿಕೊಂಡರು, ಆ ಯಂತ್ರ ಬರಲೇ ಇಲ್ಲ. 1959ರಲ್ಲಿ ಸ್ವೀಡನ್ನಿನ ಕಲಾವಿದ ಫ್ರೀಡ್ರಿಕ್ ಯೂರ್ಗೆನ್ಸನ್ ಹಕ್ಕಿಗಳ ಹಾಡನ್ನು ಟೇಪ್ ಮಾಡುತ್ತಿದ್ದಾಗ ಅದರಲ್ಲಿ ಮನುಷ್ಯರ ಮಾತು ಕೇಳಿತು ಎಂದರು. ಕೊನೆಗೆ ತೀರಿಹೋದ ತನ್ನ ತಾಯಿಯೇ ಮುದ್ದಿನ ಹೆಸರಿನಿಂದ ಕರೆದರು ಎಂದೂ ಹೇಳಿದರು. ನೋಡಿ, ಅಲ್ಲಿಯೂ ತಾಯಿಯೇ! ಅವರ ಹಾದಿಯಲ್ಲೇ ಹೋದ ಲಾಟ್ವಿಯಾದ ಕಾನ್ಸ್ಟಾಂಟಿನ್ ರಾವ್ಡೀವ್ ಸಾವಿರಾರು ತುಣುಕುಗಳನ್ನು ಸಂಗ್ರಹಿಸಿದರು. ಒಂದೇ ವಾಕ್ಯದಲ್ಲಿ ಹಲವು ಭಾಷೆಗಳು ಬೆರೆತಿರುತ್ತವೆ ಎಂದು ಅವರೇ ಬರೆದಿದ್ದಾರೆ. ಅರ್ಧ ಪದ, ಒಡೆದ ಸದ್ದು; ಯಾವ ಭಾಷೆಯಲ್ಲಿ ಹುಡುಕಿದರೂ ಏನೋ ಒಂದು ಸಿಗುತ್ತದೆ.

ಇದರ ಗುಟ್ಟು ಏನು? ಅನೇಕ ರೆಕಾರ್ಡರ್‌ಗಳು ಸುತ್ತ ಮೌನವಿದ್ದಾಗ ಸಣ್ಣ ಸದ್ದನ್ನೂ ತಾವೇ ಎತ್ತಿ ದೊಡ್ಡದು ಮಾಡುತ್ತವೆ. ಎ.ಸಿ. ಕಂಪ್ರೆಸರ್, ಪಕ್ಕದ ರೂಮಿನ ಮಾತು, ಕೆಲವೊಮ್ಮೆ ದಾರಿತಪ್ಪಿ ಬಂದ ರೇಡಿಯೋ ತರಂಗ, ಎಲ್ಲವೂ ಅದರಲ್ಲಿ ಸೇರುತ್ತವೆ. ಆ ಗದ್ದಲದಲ್ಲಿ ನಮ್ಮ ಮೆದುಳು ತನಗೆ ಬೇಕಾದ ಮಾತನ್ನು ಹುಡುಕಿಕೊಳ್ಳುತ್ತದೆ. ನಾನು ಅವನಿಗೆ ಹೇಳಿದೆ: "ಏನಿದೆ ಎಂದು ಮೊದಲೇ ಹೇಳದೆ ರೂಮಿನವರಿಗೆ ಕೇಳಿಸು." ಕೇಳಿಸಿದ. ಕೇರಳದವನಿಗೆ "ವಾ" ಎಂದು ಕೇಳಿತು, ಇನ್ನೊಬ್ಬನಿಗೆ ಏನೂ ಕೇಳಲಿಲ್ಲ. ಎ.ಸಿ. ಆರಿಸಿ ರೆಕಾರ್ಡ್ ಮಾಡಿದಾಗ ಅವನಿಗೂ ಕೇಳಲಿಲ್ಲ.

ನಮಗೆ ಇದಕ್ಕಿಂತ ದೊಡ್ಡ ಮಾತು ಅಲ್ಲಾಹನ ಮಾತು. ಮರಣ ಬಂದಾಗ ಮನುಷ್ಯ ಮರಳಿ ಕಳಿಸು ಎಂದು ಬೇಡಿದರೂ ಅದು ನಡೆಯುವುದಿಲ್ಲ, ಪುನರುತ್ಥಾನದ ದಿನದವರೆಗೆ ಅವರ ಮುಂದೆ ಬರ್ಝಖ್ ಎಂಬ ಮರೆಯಿದೆ ಎಂದು ಅಲ್ ಮೂಮಿನೂನ್ ಅಧ್ಯಾಯದ 99, 100ನೇ ವಚನಗಳು ತಿಳಿಸುತ್ತವೆ. ಅಲ್ಲಾಹನು ಇಟ್ಟ ಮರೆಯನ್ನು ಮೈಕ್ ತೆಗೆಯಲಾರದು. ಕಬರ್‌ಗಳ ಬಳಿ ಹೋದಾಗ ಸಲಾಂ ಹೇಳಲು ಪ್ರವಾದಿ(ಸ) ಕಲಿಸಿದ್ದಾರೆ. ನಾವು ಸಲಾಂ ಹೇಳುತ್ತೇವೆ, ದುಆ ಮಾಡುತ್ತೇವೆ, ಮರಳುತ್ತೇವೆ. ಉತ್ತರಕ್ಕಾಗಿ ಕಿವಿಗೊಟ್ಟು ನಿಲ್ಲುವುದಿಲ್ಲ. ಇನ್ನು ಸತ್ತವರನ್ನು ಮಾತನಾಡಿಸುತ್ತೇನೆ ಎಂದು ಹಣ ಕೇಳುವವರು ಬಂದರೆ ಹತ್ತಿರ ಸೇರಿಸಬೇಡಿ. ಅದೃಶ್ಯ ಹೇಳುವವನ ಬಳಿ ಹೋಗಿ ಕೇಳಿದವನ ನಲವತ್ತು ರಾತ್ರಿಗಳ ನಮಾಝ್ ಸ್ವೀಕಾರವಾಗದು ಎಂಬ ಎಚ್ಚರಿಕೆ ಹದೀಸ್‌ನಲ್ಲಿದೆ.

ಹಾಗಾದರೆ ದೂರದಲ್ಲಿರುವ ಮಗನಿಗೆ ದಾರಿಯೇ ಇಲ್ಲವೇ? ಇದೆ. ಸಹಾಬಿ ಸಅದ್ ಬಿನ್ ಉಬಾದಾ(ರ) ಅವರ ತಾಯಿ ತೀರಿಕೊಂಡಾಗ ಅವರೂ ಹತ್ತಿರ ಇರಲಿಲ್ಲ. ನಮ್ಮಂತೆಯೇ! ಅವರು ಪ್ರವಾದಿ(ಸ)ರ ಬಳಿ ಬಂದು, ತಾಯಿಯ ಪರವಾಗಿ ದಾನ ಮಾಡಿದರೆ ಅವರಿಗೆ ಪ್ರಯೋಜನವಾದೀತೇ ಎಂದು ಕೇಳಿದರು. ಹೌದು ಎಂಬ ಉತ್ತರ ಸಿಕ್ಕಿತು. ಕೂಡಲೇ ಮಿಖ್‌ರಾಫ್ ಎಂಬ ತಮ್ಮ ತೋಟವನ್ನು ತಾಯಿಯ ಹೆಸರಿನಲ್ಲಿ ದಾನ ಮಾಡಿದರು. ಇದು ಸಹೀಹ್ ಬುಖಾರಿಯಲ್ಲಿದೆ. ಸಅದ್(ರ) ತಾಯಿಯ ದನಿ ಕೇಳಿಸಬೇಕೆಂದು ಕೇಳಲಿಲ್ಲ. ತಾಯಿಗೆ ನಾನೇನು ತಲುಪಿಸಬಹುದು ಎಂದು ಕೇಳಿದರು.

ನಮಗೆ ತೋಟವಿಲ್ಲದಿರಬಹುದು. ನಾಲಿಗೆ ಇದೆ, ಪ್ರತಿ ನಮಾಝ್‌ನ ನಂತರ ಅವರಿಗಾಗಿ ಇಸ್ತಿಗ್‌ಫಾರ್ ಮಾಡಬಹುದು. ಅವರ ಸಾಲವಿದ್ದರೆ ತೀರಿಸಬಹುದು. ಅವರ ತಂಗಿಗೆ, ಗೆಳತಿಗೆ ಫೋನ್ ಮಾಡಿ ಕ್ಷೇಮ ವಿಚಾರಿಸಬಹುದು. ಹೆತ್ತವರ ಬಂಧು-ಮಿತ್ರರನ್ನು ಗೌರವಿಸುವುದೂ ಅವರ ಮರಣಾನಂತರ ಅವರಿಗೆ ಮಾಡುವ ಒಳಿತು ಎಂದು ಪ್ರವಾದಿ(ಸ) ತಿಳಿಸಿದ್ದಾರೆ. ಸಂಬಳದಲ್ಲಿ ಹತ್ತು ರೂಪಾಯಿಯಾದರೂ ಅವರ ಹೆಸರಿನಲ್ಲಿ ಸದಖಾ ಕೊಡಬಹುದು.

ಆ ಸಹೋದರ ಕೊನೆಗೆ ಕೇಳಿದ: "ಹಾಗಾದರೆ ಉಮ್ಮನ ವಾಯ್ಸ್ ಮೆಸೇಜ್ ಅಳಿಸಬೇಕಾ ಉಸ್ತಾದ್?" ನಾನೆಂದೆ: "ಬೇಡಪ್ಪ. ಅದು ಉಮ್ಮ ಬದುಕಿದ್ದಾಗ ನಿಜವಾಗಿ ಹೇಳಿದ ಮಾತು. ಇಫ್ತಾರ್ ಆಯಿತಾ ಎಂದು ಕೇಳಿದ್ದಾರಲ್ಲ, ಅದಕ್ಕೆ ಉತ್ತರ ಕೊಡು. ಅವರ ಹೆಸರಿನಲ್ಲಿ ಯಾರಿಗಾದರೂ ಇಫ್ತಾರ್ ಮಾಡಿಸು." ಮರುದಿನ ಅವನು ಒಂದು ಪೆಟ್ಟಿಗೆ ಖರ್ಜೂರ, ನೀರಿನ ಬಾಟಲಿಗಳನ್ನು ತಂದು ಸುಫ್ರಾದ ಮೇಲೆ ಇಟ್ಟ. ಯಾರ ಪರವಾಗಿ ಎಂದು ಯಾರಿಗೂ ಹೇಳಲಿಲ್ಲ. ಅಲ್ಲಾಹನಿಗೆ ಗೊತ್ತಿತ್ತು, ಅಷ್ಟು ಸಾಕು.

ಯಾ ಅಲ್ಲಾಹ್, ನಾವು ದೂರವಿದ್ದಾಗ ನಮ್ಮನ್ನು ಅಗಲಿದ ಹೆತ್ತವರ ಕಬರನ್ನು ವಿಶಾಲಗೊಳಿಸು, ಬೆಳಗಿಸು. ಅವರಿಗಾಗಿ ನಾವು ಮಾಡುವ ಅಲ್ಪ ದುಆ, ಸದಖಾವನ್ನು ಸ್ವೀಕರಿಸು. ಅವರ ನಿಜವಾದ ದನಿಯನ್ನು ನಿನ್ನ ಸ್ವರ್ಗದಲ್ಲಿ ನಮಗೆ ಕೇಳಿಸು. ಆಮೀನ್.